ಕಂಪ್ಯೂಟರಿನ ಮೇನ್ ಹಾರ್ಡ್ ಡಿಸ್ಕ್ ಕ್ಲೋನ್ ಮಾಡುವುದು ಹೇಗೆ: ತಯಾರಿಯಿಂದ ಮೊದಲ ಬೂಟ್‌ವರೆಗೆ

ಜನವರಿ ತಿಂಗಳು. ಕಲಬುರಗಿ ಗಂಜ್‌ನಲ್ಲಿ ತೊಗರಿ ಆವಕ ಜೋರಾಗಿರುವ ಸಮಯ. ನನ್ನ ಕಂಪ್ಯೂಟರ್ ಅಂಗಡಿಯ ಶಟರ್ ಎಳೆಯಬೇಕು ಅನ್ನುವಷ್ಟರಲ್ಲಿ ಅಡತ್ ಅಂಗಡಿಯ ಮುನೀಮ ಕಾಕಾ ಸಿಪಿಯುವನ್ನೇ ಸ್ಕೂಟರ್ ಮೇಲೆ ಇಟ್ಟುಕೊಂಡು ಬಂದರು.

"ತಮ್ಮಾ, ಚಾಲೂ ಆಗ್ಲಿಕ್ಕೇ ಹತ್ತು ನಿಮಿಷ ತಗೊಳ್ಳಾಕತ್ತದ. ಒಳಗ ಕಿರ್ ಕಿರ್ ಅಂತದ. ಆರು ವರ್ಷದ ಲೆಕ್ಕ ಎಲ್ಲ ಇದರಾಗೇ ಅದ ನೋಡು."

"ಬ್ಯಾಕಪ್ ಅದ ಏನ್ರಿ ಕಾಕಾ?"

"ಅದ ಅಲ್ಲಾ, ಡಿ ಡ್ರೈವ್‌ನಾಗ ಹಾಕಿಟ್ಟೀನಿ."

ಈ ಉತ್ತರ ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಸಿ, ಡಿ ಅಂತ ಎರಡು ಹೆಸರು ಕಂಡರೂ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಒಳಗೆ ಇರುವುದು ಒಂದೇ ಡಿಸ್ಕ್. ಅದು ಕೈಕೊಟ್ಟರೆ ಎರಡೂ ಒಟ್ಟಿಗೇ ಖಲಾಸ್.

ಆ ರಾತ್ರಿ ಕಾಕಾನ ಡಿಸ್ಕನ್ನು ಹೊಸ ಎಸ್‌ಎಸ್‌ಡಿಗೆ (ಒಳಗೆ ತಿರುಗುವ ತಟ್ಟೆ ಇಲ್ಲದ, ವೇಗದ ಡಿಸ್ಕ್) ಕ್ಲೋನ್ ಮಾಡಿಕೊಟ್ಟೆ. ಅದೇ ಕೆಲಸವನ್ನು ನೀವು ಮನೆಯಲ್ಲೇ ಮಾಡಿಕೊಳ್ಳುವಂತೆ ಇಲ್ಲಿ ಬರೆದಿದ್ದೇನೆ. ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರ್ ಅಂತ ಇಟ್ಟುಕೊಂಡಿದ್ದೇನೆ.

ಕ್ಲೋನ್, ಇಮೇಜ್, ಫೈಲ್ ಬ್ಯಾಕಪ್: ಮೂರೂ ಬೇರೆ

ಕ್ಲೋನ್ ಅಂದರೆ ಹಳೆ ಡಿಸ್ಕಿನಲ್ಲಿ ಇರುವುದೆಲ್ಲ, ವಿಂಡೋಸ್, ಟ್ಯಾಲಿ, ಪ್ರಿಂಟರ್ ಡ್ರೈವರ್, ನುಡಿ ಫಾಂಟ್‌ಗಳ ಸಮೇತ, ಹೊಸ ಡಿಸ್ಕಿಗೆ ಹಾಗೇ ಇಳಿಯುವುದು. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದರೆ ನಿಮ್ಮ ವಾಲ್‌ಪೇಪರ್ ಕೂಡ ಅದೇ ಇರುತ್ತದೆ. ಡಿಟಿಪಿ ಮಾಡುವವರಿಗೆ ಇದು ದೊಡ್ಡ ಅನುಕೂಲ. ಹೊಸದಾಗಿ ವಿಂಡೋಸ್ ಹಾಕಿ ಹಳೆ ನುಡಿ ಫೈಲ್ ತೆರೆದಾಗ ಫಾಂಟ್ ಇಲ್ಲದೆ ಅಕ್ಷರಗಳೆಲ್ಲ ಚಿತ್ರವಿಚಿತ್ರವಾಗಿ ಕಾಣುತ್ತವಲ್ಲ, ಆ ರಗಳೆ ಇಲ್ಲ.

ಇಮೇಜ್ ಅಂದರೆ ಇಡೀ ಡಿಸ್ಕನ್ನು ಸಂಕುಚಿಸಿ ಇನ್ನೊಂದು ಡಿಸ್ಕಿನ ಒಂದು ಫೋಲ್ಡರ್‌ನಲ್ಲಿ ಇಡುವುದು. ಅದರಿಂದ ನೇರವಾಗಿ ಕಂಪ್ಯೂಟರ್ ಚಾಲೂ ಆಗುವುದಿಲ್ಲ, ವಾಪಸ್ ಇಳಿಸಿಕೊಳ್ಳಬೇಕು. ಆದರೆ ಒಂದೇ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ನಾಲ್ಕು ಕಂಪ್ಯೂಟರ್‌ಗಳ ಇಮೇಜ್ ಇಡಬಹುದು.

ಫೈಲ್ ಬ್ಯಾಕಪ್ ಅಂದರೆ ಬೇಕಾದ ಫೋಲ್ಡರ್‌ಗಳ ನಕಲು ಮಾತ್ರ.

ಡಿಸ್ಕ್ ಬದಲಿಸುವುದಕ್ಕೆ ಕ್ಲೋನ್ ಬೇಕು. ದಿನದಿನದ ಲೆಕ್ಕ ಉಳಿಸುವುದಕ್ಕೆ ಕ್ಲೋನ್ ಸಾಲದು. ಇವತ್ತು ಮಾಡಿದ ಕ್ಲೋನ್‌ನಲ್ಲಿ ನಾಳೆಯ ಬಿಲ್ ಇರುವುದಿಲ್ಲ, ಅಲ್ವಾ?

ಮೊದಲು ಡಿಸ್ಕಿನ ಆರೋಗ್ಯ ನೋಡಿ

ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ತೆರೆಯಿರಿ. ನೀಲಿ ಬಣ್ಣದಲ್ಲಿ ಗುಡ್ ಅಂತಿದ್ದರೆ ನಿಶ್ಚಿಂತೆಯಿಂದ ಮುಂದೆ ಹೋಗಿ. ಹಳದಿ ಇದ್ದರೆ ಕೆಳಗಿನ ಪಟ್ಟಿಯಲ್ಲಿ ಮೂರು ಸಾಲು ಹುಡುಕಿ: 05, ಸಿ5, ಸಿ6. 05 ಅಂದರೆ ಹಾಳಾಗಿ ಈಗಾಗಲೇ ಬೇರೆ ಜಾಗಕ್ಕೆ ಬದಲಾಯಿಸಿದ ಸೆಕ್ಟರ್‌ಗಳು, ಅಂದರೆ ಡೇಟಾ ಕೂರುವ ಚಿಕ್ಕ ಚಿಕ್ಕ ಖಾನೆಗಳು. ಸಿ5 ಅಂದರೆ ಓದಲು ತೊಂದರೆ ಕೊಡುತ್ತ ಬಾಕಿ ಉಳಿದವು. ಸಿ6 ಅಂದರೆ ಓದಲು ಆಗದೇ ಹೋದವು. ಕೊನೆಯ ಕಾಲಂನ ಸಂಖ್ಯೆ ಮಾಮೂಲಾಗಿ ಹೆಕ್ಸ್ ಲೆಕ್ಕದಲ್ಲಿರುತ್ತದೆ. ಅಲ್ಲಿ 10 ಅಂತ ಕಂಡರೆ ಅದು ನಮ್ಮ ಲೆಕ್ಕದ 16.

ಕಾಕಾನ ಡಿಸ್ಕಿನಲ್ಲಿ 05ರ ಮುಂದೆ ಸಂಖ್ಯೆ ಇತ್ತು, ಸಿ5 ಸೊನ್ನೆ ಇತ್ತು. ಸದ್ಯ, ಕ್ಲೋನ್ ಆಗುವ ಸ್ಥಿತಿ.

ಸಿ5 ಸೊನ್ನೆಗಿಂತ ಜಾಸ್ತಿ ಇದ್ದರೆ ಕ್ಲೋನ್‌ಗೆ ಕೈ ಹಾಕುವ ಮುಂಚೆ ಮುಖ್ಯ ಫೈಲ್‌ಗಳನ್ನು ತೆಗೆದುಕೊಳ್ಳಿ. ಮಾಮೂಲಿ ಕ್ಲೋನ್ ಸಾಫ್ಟ್‌ವೇರ್ ಕೆಟ್ಟ ಸೆಕ್ಟರ್ ಸಿಕ್ಕಾಗ ನಿಂತುಬಿಡುತ್ತದೆ. ಅಂಥ ಡಿಸ್ಕಿಗೆ ಡಿಡಿರೆಸ್ಕ್ಯೂ ಅನ್ನುವ ಲಿನಕ್ಸ್ ಸಾಧನ ಇದೆ. ಅದು ಚೆನ್ನಾಗಿರುವ ಜಾಗವನ್ನು ಮೊದಲು ಓದಿ, ಕೆಟ್ಟದ್ದನ್ನು ಆಮೇಲೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಬಂತು ಅನ್ನುವುದನ್ನು ಒಂದು ಫೈಲ್‌ನಲ್ಲಿ ಬರೆದಿಡುತ್ತದೆ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಇನ್ನು ಟಕ್ ಟಕ್ ಅಂತ ಒಂದೇ ಲಯದಲ್ಲಿ ಸಪ್ಪಳ ಬರುತ್ತಿದ್ದರೆ ಕರೆಂಟ್ ತೆಗೆದುಬಿಡಿ. ಅದು ಡೇಟಾ ರಿಕವರಿ ಮಾಡುವವರ ಕೆಲಸ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಉಳಿಯುವುದು ಕಡಿಮೆಯಾಗುತ್ತದೆ.

ಹೊಸ ಡಿಸ್ಕ್ ತರುವಾಗ

ಇಲ್ಲಿ ಜಾಸ್ತಿ ಜನ ಜಾರುವುದು ಅಳತೆಯಲ್ಲಿ. ಹಳೆಯದು 500 ಜಿಬಿ, ಅಂಗಡಿಯವರು 480 ಜಿಬಿ ಎಸ್‌ಎಸ್‌ಡಿ ಕೊಟ್ಟು "ಅಷ್ಟೇ ಅಲ್ಲೇನ್ರೀ" ಅನ್ನುತ್ತಾರೆ. ಅಷ್ಟೇ ಅಲ್ಲ. ವಿಂಡೋಸ್‌ನಲ್ಲಿ 500 ಜಿಬಿ ಡಿಸ್ಕ್ 465 ಅಂತ ಕಾಣುತ್ತದೆ, 480ರದ್ದು 447 ಅಂತ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 1 ಟಿಬಿ ಅಂತ ಕೊಂಡದ್ದು 931 ಜಿಬಿ ಕಾಣುವುದೂ ಇದಕ್ಕೇ, ಯಾರೂ ನಿಮಗೆ ಮೋಸ ಮಾಡಿಲ್ಲ. ಹೊಸದು ಹಳೆಯದರಷ್ಟೇ ಇರಲಿ, ಇಲ್ಲವೇ ದೊಡ್ಡದಿರಲಿ. ಚಿಕ್ಕದಕ್ಕೆ ಇಳಿಸಲು ದಾರಿ ಇದೆ, ಆದರೆ ಮೊದಲ ಸಲ ಮಾಡುವವರು ಆ ತಂಟೆಗೆ ಹೋಗಬೇಡಿ.

ಆಕಾರವನ್ನೂ ನೋಡಿ. 2.5 ಇಂಚಿನ ಸಾಟಾ (ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಮಾಮೂಲಿ ಬಗೆ) ಎಸ್‌ಎಸ್‌ಡಿ ಹೆಚ್ಚುಕಡಿಮೆ ಎಲ್ಲ ಹಳೆ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳಿಗೂ ಹೊಂದುತ್ತದೆ. ಎಂ.2 (ಚಿಕ್ಕ ಪಟ್ಟಿಯಂತಿರುವ ಎಸ್‌ಎಸ್‌ಡಿ) ಆದರೆ ಅದರಲ್ಲೇ ಸಾಟಾ, ಎನ್‌ವಿಎಂಇ ಅಂತ ಎರಡು ಜಾತಿ. ನೋಡಲು ಒಂದೇ ತರ, ಸ್ಲಾಟ್ ಒಪ್ಪದಿದ್ದರೆ ಕೆಲಸ ಮಾಡುವುದಿಲ್ಲ. ಮದರ್‌ಬೋರ್ಡ್ ಮಾಡೆಲ್ ನೋಡಿಯೇ ತನ್ನಿ.

ಜೊತೆಗೆ ಒಂದು ಯುಎಸ್‌ಬಿ-ಸಾಟಾ ಕೇಬಲ್ ಬೇಕು. 2.5 ಇಂಚಿನದಕ್ಕೆ ಯುಎಸ್‌ಬಿ ಕರೆಂಟೇ ಸಾಕು. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಅಡಾಪ್ಟರ್ ಇರುವ ಕೇಬಲ್ಲೇ ತರಬೇಕು. ಡೆಸ್ಕ್‌ಟಾಪ್ ಆದರೆ ಒಳಗಿನ ಖಾಲಿ ಸಾಟಾ ಪೋರ್ಟಿಗೇ ಸಿಕ್ಕಿಸಿಬಿಡಿ, ಅದೇ ಒಳ್ಳೆಯದು.

ವಿಂಡೋಸ್‌ನಲ್ಲಿ ಮಾಡಿಕೊಳ್ಳಬೇಕಾದ ನಾಲ್ಕು ತಯಾರಿ

ಒಂದು, ಮುಖ್ಯ ಫೈಲ್‌ಗಳ ನಕಲು. ಕ್ಲೋನ್ ಮಾಡುತ್ತಿದ್ದೇವಲ್ಲ, ಮತ್ತೆ ನಕಲು ಯಾಕೆ ಅನ್ನಬೇಡಿ. ಟ್ಯಾಲಿ ಡೇಟಾ ಫೋಲ್ಡರ್, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋ, ಇಷ್ಟನ್ನು ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಡಿಸ್ಕಿಗೋ ಹಾಕಿಕೊಳ್ಳಿ. ಟ್ಯಾಲಿ ಡೇಟಾ ಎಲ್ಲಿದೆ ಗೊತ್ತಿಲ್ಲದಿದ್ದರೆ ಕಂಪನಿ ಆರಿಸುವ ಪರದೆಯಲ್ಲೇ ದಾರಿ ಕಾಣುತ್ತದೆ. ಟ್ಯಾಲಿ ಮುಚ್ಚಿದ ಮೇಲೆ ಕಾಪಿ ಮಾಡಿ.

ಎರಡು, ಬಿಟ್‌ಲಾಕರ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗ ನಿಮಗೆ ಗೊತ್ತಿಲ್ಲದೆಯೇ ಬಿದ್ದಿರುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಶನ್ ಅಂತ ಹೋಗಿ ನೋಡಿ. ಆನ್ ಇದ್ದರೆ ಆಫ್ ಮಾಡಿ, ಬೀಗ ಪೂರ್ತಿ ಬಿಚ್ಚುವವರೆಗೆ ಕಾಯಿರಿ. ಬಿಚ್ಚದೆ ಕ್ಲೋನ್ ಮಾಡಿದರೆ ಖಾಲಿ ಜಾಗವನ್ನೂ ಸೇರಿಸಿ ಒಂದೊಂದೇ ಸೆಕ್ಟರ್ ನಕಲಾಗುತ್ತದೆ, ಅಳತೆ ಹಿಗ್ಗಿಸಲೂ ಬರುವುದಿಲ್ಲ. ಮತ್ತೆ, ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಏನಾದರೂ ಬದಲಿಸಿದಾಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಖಾತೆಯ ಪಾಸ್‌ವರ್ಡ್ ಲ್ಯಾಪ್‌ಟಾಪ್ ಸೆಟಪ್ ಮಾಡಿಕೊಟ್ಟ ಹುಡುಗನಿಗೆ ಮಾತ್ರ ಗೊತ್ತಿರುತ್ತದೆ! ಆ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಮೂರು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು. ಅದು ಆನ್ ಇದ್ದರೆ ಶಟ್‌ಡೌನ್ ಅಂದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ಹಾಗಿರುವ ಡಿಸ್ಕನ್ನು ಕ್ಲೋನ್ ಸಾಫ್ಟ್‌ವೇರ್ ಮುಟ್ಟಲು ಒಪ್ಪದೆ ಎರರ್ ಕೊಡುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಅನ್ನುವ ಕಡೆ ಒತ್ತಿದರೆ ಈ ಟಿಕ್ ಸಿಗುತ್ತದೆ. ತೆಗೆದು ಸೇವ್ ಮಾಡಿ.

ನಾಲ್ಕು, ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಟೂಲ್ಸ್, ಚೆಕ್. ತಪ್ಪು ಸಿಕ್ಕರೆ ಅದೇ ಸರಿಮಾಡುತ್ತದೆ. ಡಿಸ್ಕ್ ಹಳದಿ ತೋರಿಸಿದ್ದರೆ ಮಾತ್ರ ಈ ಹೆಜ್ಜೆ ಬಿಡಿ, ಸುಮ್ನೆ ಅದಕ್ಕೆ ಹೆಚ್ಚಿನ ದುಡಿತ.

ಕ್ಲೋನ್ ಪೆನ್‌ಡ್ರೈವ್

ವಿಂಡೋಸ್ ಒಳಗಿಂದಲೇ ಕ್ಲೋನ್ ಮಾಡುವ ಸಾಫ್ಟ್‌ವೇರ್‌ಗಳಿವೆ. ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿ ತುಂಬ ಜನಪ್ರಿಯವಾಗಿತ್ತು, 2024ರ ಜನವರಿಗೆ ಅದರ ಬೆಂಬಲ ನಿಂತಿತು. ನಾನು ಬಳಸುವುದು ಕ್ಲೋನ್‌ಜಿಲ್ಲಾ. ಉಚಿತ, ಹಳೆಯದು, ನಂಬಿಕಸ್ಥ. ನೋಡಲು ಮಾತ್ರ ಹಳೆ ಕಾಲದ ಬಸ್ ರಿಸರ್ವೇಶನ್ ಪರದೆ ಇದ್ದಂತಿದೆ, ಮೌಸ್ ನಡೆಯುವುದಿಲ್ಲ. ಮೌಸ್ ಬೇಕು ಅನ್ನುವವರಿಗೆ ರೆಸ್ಕ್ಯೂಜಿಲ್ಲಾ ಇದೆ. ಅದೂ ಉಚಿತವೇ, ಕ್ಲೋನ್‌ಜಿಲ್ಲಾದ ಇಮೇಜ್‌ಗಳನ್ನೂ ಓದುತ್ತದೆ. ಮುಂದಿನ ಹೆಜ್ಜೆಗಳ ತತ್ವ ಎರಡಕ್ಕೂ ಒಂದೇ.

ಅದರ ಐಎಸ್‌ಒ ಫೈಲ್ (ಇಡೀ ಸಾಫ್ಟ್‌ವೇರ್ ಒಂದೇ ಫೈಲ್‌ನಲ್ಲಿ) ಇಳಿಸಿಕೊಂಡು, ರೂಫಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಯುತ್ತದೆ. ಟ್ಯಾಲಿ ನಕಲು ಹಾಕಿಕೊಂಡ ಪೆನ್‌ಡ್ರೈವನ್ನೇ ಇದಕ್ಕೂ ಬಳಸಿದವರನ್ನು ನೋಡಿದ್ದೇನೆ.

ಯಾವುದು ಹಳೆಯದು, ಯಾವುದು ಹೊಸದು

ಇಡೀ ಕೆಲಸದಲ್ಲಿ ನಿಜವಾಗಿ ಅಪಾಯ ಇರುವುದು ಇಲ್ಲಿ ಮಾತ್ರ. ಆದ್ದರಿಂದ ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನನ್ನದೇ ಅಂಗಡಿಯ ಡಿಸ್ಕ್ ಕ್ಲೋನ್ ಮಾಡಲು ಕೂತೆ. ಎರಡೂ 500 ಜಿಬಿ, ಎರಡೂ ಒಂದೇ ಕಂಪನಿ. ಟಾರ್ಗೆಟ್ (ನಕಲು ಇಳಿಯುವ ಡಿಸ್ಕ್) ಅಂತ ಇಟ್ಟುಕೊಂಡದ್ದು ಹೊಸದಲ್ಲ, ಬೇರೆ ಕಂಪ್ಯೂಟರಿನಿಂದ ಬಿಚ್ಚಿದ್ದು, ಅದರಲ್ಲೂ ವಿಂಡೋಸ್ ಇತ್ತು. ನಾನು ಉಲ್ಟಾ ಆರಿಸಿದೆ. ಎರಡು ಸಲ ಖಾತ್ರಿ ಕೇಳಿತು, ಎರಡು ಸಲವೂ ವೈ ಒತ್ತಿದೆ. ಚಹಾ ಕುಡಿದು ಬರುವಷ್ಟರಲ್ಲಿ ನನ್ನ ಜಾತ್ರೆ ಕರಪತ್ರ, ಮದುವೆ ಪತ್ರಿಕೆ, ಬ್ಯಾನರ್ ಫೈಲ್‌ಗಳ ಮೇಲೆ ಯಾರದೋ ಹಳೆ ವಿಂಡೋಸ್ ಬಂದು ಕೂತಿತ್ತು. ಹೋದದ್ದು ವಾಪಸ್ ಬರಲಿಲ್ಲ.

ಅದಾದ ಮೇಲೆ ನಾನು ಮೂರು ಕೆಲಸ ತಪ್ಪದೆ ಮಾಡುತ್ತೇನೆ.

ಟಾರ್ಗೆಟ್ ಡಿಸ್ಕನ್ನು ಮೊದಲೇ ಖಾಲಿ ಮಾಡುತ್ತೇನೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ ಪಾರ್ಟಿಶನ್‌ಗಳನ್ನೆಲ್ಲ (ಸಿ, ಡಿ ತರದ ಡಿಸ್ಕಿನ ಭಾಗಗಳು) ಅಳಿಸಿ, ಪೂರ್ತಿ ಕಪ್ಪು ಪಟ್ಟಿ, ಅನ್‌ಅಲೊಕೇಟೆಡ್ ಅಂತ ಕಾಣುವಂತೆ. ಹೊಚ್ಚ ಹೊಸ ಡಿಸ್ಕ್ ಆದರೆ ಅದು ಹಾಗೇ ಇರುತ್ತದೆ. ಈಗ ಉಲ್ಟಾ ಆರಿಸಿದರೂ ಕ್ಲೋನ್ ಮಾಡಲು ಅಲ್ಲಿ ಪಾರ್ಟಿಶನ್ನೇ ಇಲ್ಲವಲ್ಲ, ಸಾಫ್ಟ್‌ವೇರ್ ತಕರಾರು ತೆಗೆಯುತ್ತದೆ. ನನಗೆ ಆವತ್ತು ಇದು ಗೊತ್ತಿದ್ದರೆ ಅಷ್ಟೂ ಫೈಲ್ ಉಳಿಯುತ್ತಿತ್ತು.

ಎರಡೂ ಡಿಸ್ಕಿನ ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಕ್ಷರ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. "ಹಳೆ, ಇಲ್ಲಿಂದ", "ಹೊಸ, ಇಲ್ಲಿಗೆ" ಅಂತ. ನಂಬರ್ ಡಿಸ್ಕಿನ ಸ್ಟಿಕ್ಕರ್ ಮೇಲಿರುತ್ತದೆ, ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲೂ ಕಾಣುತ್ತದೆ. ಕ್ಲೋನ್‌ಜಿಲ್ಲಾ ಪಟ್ಟಿಯಲ್ಲಿ ಅಳತೆ, ಮಾಡೆಲ್, ಸೀರಿಯಲ್ ಮೂರನ್ನೂ ತೋರಿಸುತ್ತದೆ. ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರನ್ನು ನಂಬಬೇಡಿ, ಅವು ಒಂದು ಬೂಟ್‌ನಿಂದ ಇನ್ನೊಂದು ಬೂಟ್‌ಗೆ ಅದಲುಬದಲಾಗಬಹುದು. ಕೆಲವು ಯುಎಸ್‌ಬಿ ಕೇಬಲ್‌ಗಳು ಡಿಸ್ಕಿನ ಹೆಸರಿನ ಬದಲು ತಮ್ಮದೇ ಹೆಸರು ತೋರಿಸುತ್ತವೆ. ಆಗ ಇನ್ನೊಂದರ ನಂಬರ್ ಸರಿಹೊಂದುತ್ತದೆಯೇ ನೋಡಿ.

ಬೇರೆ ಡಿಸ್ಕ್, ಪೆನ್‌ಡ್ರೈವ್, ಕಾರ್ಡ್ ರೀಡರ್ ಎಲ್ಲ ಕಿತ್ತಿಡುತ್ತೇನೆ. ಪಟ್ಟಿಯಲ್ಲಿ ಎರಡೇ ಹೆಸರು ಇರಬೇಕು.

ಕ್ಲೋನ್ ಮಾಡುವುದು

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕು. ನಡುವೆ ಕರೆಂಟ್ ಹೋದರೆ ಗಾಬರಿಯಾಗಬೇಡಿ, ಹಳೆ ಡಿಸ್ಕಿನಿಂದ ಓದುವುದಷ್ಟೇ ನಡೆದಿರುತ್ತದೆ. ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ, ಅಷ್ಟೇ. ಏಪ್ರಿಲ್, ಮೇ ಆದರೆ ನಸುಕಿನಲ್ಲೋ ರಾತ್ರಿಯೋ ಮಾಡಿ. ಹೊರಗೆ 42 ಡಿಗ್ರಿ ಇರುವ ಮಧ್ಯಾಹ್ನ ಎರಡು ತಾಸು ಬಿಡದೆ ಓದುವ ಹಳೆ ಡಿಸ್ಕ್ ಕೈ ಸುಡುವಷ್ಟು ಕಾಯುತ್ತದೆ. ಸಿಪಿಯು ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟರೂ ನಡೆಯುತ್ತದೆ. ನಾನು ಹಾಗೇ ಮಾಡುವುದು.

ಪೆನ್‌ಡ್ರೈವ್ ಸಿಕ್ಕಿಸಿ ಕಂಪ್ಯೂಟರ್ ಚಾಲೂ ಮಾಡಿ, ಬೂಟ್ ಮೆನುಗೆ ಹೋಗಿ. ಕಂಪನಿ ಮೇಲೆ ಹೋಗುತ್ತದೆ, ಎಫ್12, ಎಫ್9, ಎಫ್11, ಎಸ್ಕೇಪ್, ಇವುಗಳಲ್ಲಿ ಒಂದು. ಪೆನ್‌ಡ್ರೈವ್‌ನಿಂದ ಏಳದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ಮಾನ್ಯತೆ ಇಲ್ಲದ ಸಾಫ್ಟ್‌ವೇರ್‌ನಿಂದ ಕಂಪ್ಯೂಟರ್ ಏಳದಂತೆ ತಡೆಯುವ ಕಾವಲು) ತಾತ್ಕಾಲಿಕವಾಗಿ ಆಫ್ ಮಾಡಿ. ಬಿಟ್‌ಲಾಕರ್ ಮೊದಲೇ ಬಿಚ್ಚಿ ಅಂದದ್ದು ಇದಕ್ಕೇ.

ಮೊದಲ ಪರದೆಗಳಲ್ಲಿ ಎಂಟರ್ ಒತ್ತುತ್ತ ಹೋಗಿ. ಆಮೇಲೆ ಡಿವೈಸ್-ಡಿವೈಸ್ ಆರಿಸಿ, ಬಿಗಿನರ್ ಮೋಡ್, ನಂತರ ಡಿಸ್ಕ್ ಟು ಲೋಕಲ್ ಡಿಸ್ಕ್. ಪಾರ್ಟಿಶನ್ ಟು ಪಾರ್ಟಿಶನ್ ಅಲ್ಲ, ನೆನಪಿರಲಿ. ಸಿ ಡ್ರೈವ್ ಒಂದನ್ನೇ ನಕಲು ಮಾಡಿದರೆ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಅದರ ಪಕ್ಕದಲ್ಲೇ 100 ಎಂಬಿಯಷ್ಟು ಚಿಕ್ಕ ಇಎಫ್‌ಐ ಪಾರ್ಟಿಶನ್ ಅಡಗಿರುತ್ತದೆ, ವಿಂಡೋಸ್ ಏಳುವುದು ಅದರ ಕೈಯಿಂದ.

ಈಗ ಸೋರ್ಸ್ ಕೇಳುತ್ತದೆ. ಚೀಟಿ ನೋಡಿ ಹಳೆಯದು. ಆಮೇಲೆ ಟಾರ್ಗೆಟ್. ಚೀಟಿ ನೋಡಿ ಹೊಸದು. ಫೈಲ್ ಸಿಸ್ಟಮ್ ಪರೀಕ್ಷೆ ಬೇಕಾ ಅಂದರೆ ಸ್ಕಿಪ್. ಪಾರ್ಟಿಶನ್ ಟೇಬಲ್ ಹೇಗೆ ಮಾಡಲಿ ಅಂತ ಕೇಳುತ್ತದೆ. ಡಿಸ್ಕುಗಳು ಒಂದೇ ಅಳತೆಯಾದರೆ ಕೆ0. ಹೊಸದು ದೊಡ್ಡದಾದರೆ ಕೆ1, ಎಲ್ಲ ಪಾರ್ಟಿಶನ್‌ಗಳೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ದೊಡ್ಡ ಡಿಸ್ಕಿಗೆ ಕೆ0 ಕೊಟ್ಟರೆ ಮಿಕ್ಕ ಜಾಗ ಕೊನೆಯಲ್ಲಿ ಖಾಲಿ ಉಳಿಯುತ್ತದೆ. ಸಿ ಡ್ರೈವ್‌ಗೆ ಅದನ್ನು ಸೇರಿಸೋಣ ಅಂದರೆ ನಡುವೆ ರಿಕವರಿ ಪಾರ್ಟಿಶನ್ ಅಡ್ಡ ಕೂತಿರುತ್ತದೆ. ರೆಸ್ಕ್ಯೂಜಿಲ್ಲಾದಲ್ಲಿರುವ ಜಿಪಾರ್ಟೆಡ್‌ನಿಂದ ಅದನ್ನು ಕೊನೆಗೆ ಸರಿಸಿ ಜಾಗ ಸೇರಿಸಬಹುದು.

ಕೊನೆಗೆ ಹಳದಿ ಅಕ್ಷರದಲ್ಲಿ ಎಚ್ಚರಿಕೆ ಬರುತ್ತದೆ, ಅದರ ಕೆಳಗೆ ಅಳಿಯಲಿರುವ ಡಿಸ್ಕಿನ ವಿವರ. ಅಲ್ಲಿ ಎನ್‌ಟಿಎಫ್‌ಎಸ್ ಅಂತ ಒಂದೇ ಒಂದು ಪಾರ್ಟಿಶನ್ ಕಂಡರೂ ಎನ್ ಒತ್ತಿ ಹೊರಗೆ ಬನ್ನಿ. ನೀವು ಖಾಲಿ ಮಾಡಿಟ್ಟ ಡಿಸ್ಕಿನಲ್ಲಿ ಅದು ಇರುವುದಿಲ್ಲ. ಏನೂ ಇಲ್ಲದಿದ್ದರೆ ವೈ. ಬೂಟ್‌ಲೋಡರ್ ಕೂಡ ನಕಲು ಮಾಡಲಾ ಅಂದರೆ ಅದಕ್ಕೂ ವೈ.

ಎಷ್ಟು ಹೊತ್ತು? ಕ್ಲೋನ್‌ಜಿಲ್ಲಾ ತುಂಬಿದ ಜಾಗವನ್ನು ಮಾತ್ರ ಓದುತ್ತದೆ. ಕಾಕಾನ ಡಿಸ್ಕಿನಲ್ಲಿ 180 ಜಿಬಿ ತುಂಬಿತ್ತು. ಸೆಕೆಂಡಿಗೆ 100 ಎಂಬಿ ಓಡಿದರೆ ಅರ್ಧ ತಾಸು. ಹಳೆ ಯುಎಸ್‌ಬಿ 2.0 ಪೋರ್ಟಿಗೆ ಸಿಕ್ಕಿಸಿದರೆ 35 ಎಂಬಿ ಆಸುಪಾಸು, ಅಂದರೆ ಒಂದೂವರೆ ತಾಸಿನ ಹತ್ತಿರ. ಒಳಗೆ ನೀಲಿ ಬಣ್ಣ ಇರುವ ಪೋರ್ಟ್ ಸಾಮಾನ್ಯವಾಗಿ 3.0, ಅದನ್ನೇ ಹುಡುಕಿ. ಕಾಕಾ ಅಷ್ಟೂ ಹೊತ್ತು ಸ್ಟೂಲ್ ಮೇಲೆ ಕೂತು ಶೇಕಡಾವಾರು ಅಂಕಿ ಓದುತ್ತಿದ್ದರು. "ನಲವತ್ತೊಂದು ಆತು ನೋಡು ತಮ್ಮಾ" ಅಂತ, ಹರಾಜಿನ ಸವಾಲ್ ಕೂಗಿದ ಹಾಗೆ.

ಮೊದಲ ಬೂಟ್

ಮುಗಿದ ಮೇಲೆ ಪವರ್ ಆಫ್ ಆರಿಸಿ. ರೀಬೂಟ್ ಬೇಡ. ಎರಡೂ ಡಿಸ್ಕಿಗೆ ಈಗ ಒಂದೇ ಗುರುತಿನ ಸಂಖ್ಯೆ ಇದೆ. ಎರಡೂ ಒಟ್ಟಿಗೆ ಇದ್ದಾಗ ವಿಂಡೋಸ್ ಎದ್ದರೆ ಒಂದನ್ನು ಆಫ್‌ಲೈನ್ ಮಾಡಿ ಕೂರಿಸುತ್ತದೆ. ಅದನ್ನು ಆನ್‌ಲೈನ್ ಮಾಡಲು ಹೋದರೆ ಗುರುತು ಬದಲಾಗಿ, ಆ ಡಿಸ್ಕ್ ಮುಂದೆ ಬೂಟ್ ಆಗದೇ ಇರಬಹುದು. ಹಳೆಯದನ್ನು ಬಿಚ್ಚಿ, ಅದೇ ಕೇಬಲ್ಲಿಗೆ ಹೊಸದನ್ನು ಹಾಕಿ, ಆಮೇಲೆ ಚಾಲೂ ಮಾಡಿ.

ಬೂಟ್ ಡಿವೈಸ್ ಇಲ್ಲ ಅಂದರೆ ಬಯೋಸ್‌ಗೆ ಹೋಗಿ ಬೂಟ್ ಕ್ರಮದಲ್ಲಿ ಹೊಸ ಡಿಸ್ಕ್ ಮೇಲಿದೆಯೇ ನೋಡಿ. ಪಾರ್ಟಿಶನ್ ಟೇಬಲ್‌ನಲ್ಲಿ ಎಂಬಿಆರ್ ಅಂತ ಹಳೆ ಬಗೆ, ಜಿಪಿಟಿ ಅಂತ ಹೊಸ ಬಗೆ ಇವೆ. ಹಳೆ ಡಿಸ್ಕ್ ಎಂಬಿಆರ್ ಆಗಿದ್ದರೆ ಕ್ಲೋನ್ ಕೂಡ ಎಂಬಿಆರ್, ಅದಕ್ಕೆ ಬಯೋಸ್‌ನಲ್ಲಿ ಲೆಗಸಿ ಮೋಡ್ ಬೇಕು. ಜಿಪಿಟಿ ಆಗಿದ್ದರೆ ಯುಇಎಫ್‌ಐ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ನೀಲಿ ಪರದೆ ಬಂದರೆ ಒಮ್ಮೆ ಸೇಫ್ ಮೋಡ್‌ನಲ್ಲಿ ಎಬ್ಬಿಸಿ ನೋಡಿ, ಹಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ.

ವಿಂಡೋಸ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಟ್ಯಾಲಿ ಮಾತ್ರ ಹಾರ್ಡ್‌ವೇರ್ ಬದಲಾಗಿದೆ ಅಂತ ಎಜುಕೇಶನಲ್ ಮೋಡ್‌ಗೆ ಹೋಗಬಹುದು. ಆಗ ಲೈಸೆನ್ಸ್ ಮತ್ತೆ ಆ್ಯಕ್ಟಿವೇಟ್ ಮಾಡಬೇಕು. ಅದರ ಇಮೇಲ್ ಐಡಿ, ಪಾಸ್‌ವರ್ಡ್ ಮೊದಲೇ ಹುಡುಕಿಟ್ಟಿರಿ. ರಾತ್ರಿ ಹತ್ತಕ್ಕೆ ಕಾಕಾ ಮಾಲಕರಿಗೆ ಫೋನ್ ಹಚ್ಚಬೇಕಾಯಿತು.

ಎದ್ದ ತಕ್ಷಣ ಖುಷಿಪಟ್ಟು ಮುಚ್ಚಬೇಡಿ. ಟ್ಯಾಲಿಯಲ್ಲಿ ಹಿಂದಿನ ದಿನದ ಕೊನೆಯ ಬಿಲ್ ತೆರೆಯಿರಿ. ಒಂದು ಪ್ರಿಂಟ್ ತೆಗೆಯಿರಿ. ಎರಡು ಹಳೆ ಫೋಟೋ, ಒಂದು ನುಡಿ ಫೈಲ್ ನೋಡಿ.

ಹಳೆ ಡಿಸ್ಕ್, ಮುಂದಿನ ಬ್ಯಾಕಪ್

ಹಳೆಯದನ್ನು ಒಂದು ತಿಂಗಳು ಮುಟ್ಟಬೇಡಿ. ತಾರೀಖು ಬರೆದ ಪಟ್ಟಿ ಅಂಟಿಸಿ ಅಲಮಾರಿಯಲ್ಲಿಡಿ. ಹೊಸದರಲ್ಲಿ ಏನಾದರೂ ಬಿಟ್ಟುಹೋಗಿದ್ದು ಕಂಡರೆ ಅದೇ ಆಧಾರ. ತಿಂಗಳಾದ ಮೇಲೆ ಆರೋಗ್ಯ ಚೆನ್ನಾಗಿದ್ದರೆ ಬ್ಯಾಕಪ್‌ಗೆ ಬಳಸಿ. ಹಳದಿ ತೋರಿಸಿದ್ದರೆ ಬೇಡ. ಮಾರುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಕಾಗುವುದಿಲ್ಲ, ಫೈಲ್‌ಗಳು ಸುಲಭವಾಗಿ ವಾಪಸ್ ಬರುತ್ತವೆ. ಕ್ವಿಕ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ.

ಕಾಕಾನ ಅಂಗಡಿಗೆ ಈಗ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಮಾಡಿಕೊಟ್ಟಿದ್ದೇನೆ. ಬ್ಯಾಕಪ್‌ಗೆ ಎಸ್‌ಎಸ್‌ಡಿ ಕೊಡಲಿಲ್ಲ. ಅದನ್ನು ಕರೆಂಟ್ ಇಲ್ಲದೆ ಬಿಸಿಲೂರಿನ ಅಲಮಾರಿಯಲ್ಲಿ ವರ್ಷಗಟ್ಟಲೆ ಇಡುವುದು ನನಗೆ ಒಗ್ಗುವುದಿಲ್ಲ. ದಿನಾ ಸಂಜೆ ಟ್ಯಾಲಿ ಮುಚ್ಚಿದ ಮೇಲೆ ಡೇಟಾ ಫೋಲ್ಡರ್ ಒಂದಕ್ಕೆ ಕಾಪಿ, ಪ್ರತಿ ಸಲ ತಾರೀಖಿನ ಹೆಸರಿನ ಹೊಸ ಫೋಲ್ಡರ್. ಕಾಪಿ ಆದ ಕೂಡಲೇ ಕಿತ್ತಿಡಬೇಕು. ಸದಾ ಸಿಕ್ಕಿಸಿಯೇ ಇದ್ದರೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದ ದಿನ ಅದಕ್ಕೂ ಬೀಗ ಬೀಳುತ್ತದೆ. ಮೂರು ತಿಂಗಳಿಗೊಮ್ಮೆ ಇಡೀ ಕಂಪ್ಯೂಟರಿನ ಇಮೇಜ್. ಅದಕ್ಕೆ ಕ್ಲೋನ್‌ಜಿಲ್ಲಾದಲ್ಲೇ ಡಿವೈಸ್-ಇಮೇಜ್ ಆರಿಸಿದರಾಯಿತು.

ಶನಿವಾರ ಡಿಸ್ಕುಗಳ ಅದಲುಬದಲು. ಒಂದು ಅಂಗಡಿಯಲ್ಲಿ ಉಳಿಯುತ್ತದೆ, ಇನ್ನೊಂದು ಕಾಕಾನ ಟಿಫಿನ್ ಚೀಲದಲ್ಲಿ ಮನೆಗೆ ಹೋಗುತ್ತದೆ. ರೊಟ್ಟಿ ಡಬ್ಬಿಯ ಬಿಸಿ ತಾಗದಂತೆ ಬೇರೆ ಖಾನೆಯಲ್ಲಿ ಇಡ್ರಿ ಅಂತ ಹೇಳಿದ್ದೇನೆ.